ಬಣ್ಣದಲ್ಲಿ ಬರೆದ ಮದುವೆ

ನಮ್ಮ ಹಿರೇಬೆಂಡಿಗೇರಿಯ ಮನೆಗಳಲ್ಲಿ ಮದುವೆಯ ನೆನಪು ಟ್ರಂಕಿನೊಳಗೆ ಎರಡು ರೂಪದಲ್ಲಿರುತ್ತದೆ: ಒಂದು ಮದುವೆ ಸೀರೆ, ಇನ್ನೊಂದು ಬೆಳ್ಳಿಯಂತೆ ಹೊಳೆಯುವ ಡಿವಿಡಿ. ಬಿಸಿಲಿಗೆ ಸೀರೆ ಬಣ್ಣಗೆಡುತ್ತದೆಂದು ನಮಗೆಲ್ಲ ಗೊತ್ತು. ಆ ಡಿವಿಡಿಯೊಳಗಿನ ಮದುವೆಯೂ ಬಣ್ಣದಲ್ಲೇ ಬರೆದದ್ದು ಎಂಬುದು ಬಹಳ ಮಂದಿಗೆ ತಿಳಿಯದು.

ಮೊದಲು ಮದುವೆಯ ಚಿತ್ರ ವಿಡಿಯೋ ಕ್ಯಾಸೆಟ್ಟಿನ ಟೇಪಿನಲ್ಲಿರುತ್ತಿತ್ತು. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತಿತ್ತು. ಹಾಡಿನ ಸಿಡಿ 1982ರಲ್ಲೇ ಮಾರುಕಟ್ಟೆಗೆ ಬಂದರೂ ಅದನ್ನು ಕಾರ್ಖಾನೆಯಲ್ಲಿ ಅಚ್ಚೊತ್ತಬೇಕಿತ್ತು. ಒಂದು ಮನೆಯ ಮದುವೆಗೆ ಯಾರು ಅಚ್ಚು ಮಾಡಿಸಿಯಾರು? 1988ರಲ್ಲಿ ಜಪಾನಿನ ತೈಯೊ ಯೂಡೆನ್ ಕಂಪನಿ ಬರೆಯಬಲ್ಲ ಸಿಡಿಯನ್ನು ರೂಪಿಸಿತು. 1993ರಲ್ಲಿ ವಿಡಿಯೋ ಸಿಡಿ, 1996ರಲ್ಲಿ ಡಿವಿಡಿ ಬಂದವು. ಹೊಸ ಶತಮಾನ ಕಾಲಿಟ್ಟ ಮೇಲೆ ಶಿಗ್ಗಾವಿ, ಹುಬ್ಬಳ್ಳಿಯ ಸ್ಟುಡಿಯೋದವರೂ ಕ್ಯಾಸೆಟ್ಟು ಬಿಟ್ಟು ಡಿಸ್ಕು ಕೊಡತೊಡಗಿದರು.

ಖಾಲಿ ಡಿವಿಡಿಯೊಳಗೆ ತೆಳುವಾದ ಬಣ್ಣದ ಲೇಪ, ಅದರ ಬೆನ್ನಿಗೆ ಕನ್ನಡಿಯಂಥ ಲೋಹದ ಪದರ ಇರುತ್ತವೆ. ಒಳಗಿನಿಂದ ಹೊರಕ್ಕೆ ಚಕ್ಕುಲಿಯಂತೆ ಸುತ್ತುವ ಗೀರಿನ ಗುಂಟ ಕೆಂಪು ಲೇಸರ್ ಸಾಗುತ್ತ ಅಲ್ಲಲ್ಲಿ ಬಣ್ಣವನ್ನು ಸುಡುತ್ತದೆ. ಒಂದು ಮಿಲಿಮೀಟರಿನಲ್ಲಿ ಇಂಥ ಸುಮಾರು 1,350 ಸುತ್ತುಗಳಿವೆ! ಸುಟ್ಟ ಜಾಗ ಮಂಕು, ಸುಡದ ಜಾಗ ಹೊಳಪು. ಹೊಳಪು ಬದಲಾಗುವ ಅಂಚನ್ನು ಯಂತ್ರ 1 ಎಂದೂ ಬದಲಾಗದ್ದನ್ನು 0 ಎಂದೂ ಓದುತ್ತದೆ. ಚಿತ್ರ, ಮಾತು, ಓಲಗ ಎಲ್ಲವೂ ಈ ಎರಡೇ ಅಂಕಿ.

ಸೆಕೆಂಡಿಗೆ 25 ಚಿತ್ರಗಳನ್ನು ಇದ್ದಂತೆಯೇ ಬರೆದರೆ ಡಿಸ್ಕು ಕೆಲವೇ ನಿಮಿಷಕ್ಕೆ ತುಂಬೀತು. ಅದಕ್ಕೊಂದು ಜಾಣತನ ಮಾಡಿದ್ದಾರೆ. ಅಕ್ಕಿಕಾಳು ಬೀಳುವಾಗ ಹಂದರ ಅಲುಗುವುದಿಲ್ಲ, ಕೈಗಳಷ್ಟೇ ಆಡುತ್ತವೆ. ಹಂದರವನ್ನು ಒಮ್ಮೆ ಬರೆದು, ಮುಂದೆ ಬದಲಾದದ್ದನ್ನು ಮಾತ್ರ ಬರೆಯುತ್ತ ಹೋಗುತ್ತದೆ. ಹೀಗಾಗಿಯೇ 4.7 ಗಿಗಾಬೈಟಿನ ಡಿವಿಡಿಯಲ್ಲಿ ಸುಮಾರು ಎರಡು ತಾಸಿನ ಮದುವೆ ಹಿಡಿಸುತ್ತದೆ.

ಹಾನಗಲ್ಲಿನ ಕದಂಬರ ಶಾಸನಗಳನ್ನು ಕಲ್ಲಿನ ಮೇಲೆ ಇಂದಿಗೂ ಓದಬಹುದು. ಅಲ್ಲಿ ಅರಸರ ದಾನದತ್ತಿಗಳಿವೆ. ಸುರಗಿ ಸುತ್ತುವಾಗ ಹಾಡುವ ನಮ್ಮ ಅಜ್ಜಿಯರ ದನಿ ಇಲ್ಲ. ಅದು ಸಿಕ್ಕರೆ ಈ ಡಿಸ್ಕುಗಳಲ್ಲೇ ಸಿಕ್ಕಬೇಕು. ಹಾಡಿದ ಎಷ್ಟೋ ಜನ ಈಗಿಲ್ಲ, ಆ ಪದಗಳು ಯಾವ ಪುಸ್ತಕಕ್ಕೂ ಸೇರಿಲ್ಲ.

ಆದರೆ ಬಣ್ಣ ಬಿಸಿಲಿಗೆ, ಶಾಖಕ್ಕೆ, ತೇವಕ್ಕೆ ಕೆಡುತ್ತದೆ. ಸಣ್ಣ ಗೀರು ಬಿದ್ದರೆ ಯಂತ್ರವೇ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ, ಬಣ್ಣವೇ ಮಾಸಿದರೆ ಕೈಚೆಲ್ಲುತ್ತದೆ. ಡಿಸ್ಕಿನ ಕಾಲವೂ ಮುಗಿಯುತ್ತ ಬಂದಿದೆ. ನಮ್ಮ ದೇಶದ ದೊಡ್ಡ ತಯಾರಕ ಮೋಸರ್ ಬೇರ್ ಕಂಪನಿಯನ್ನು ಮುಚ್ಚಲು 2018ರಲ್ಲಿ ಆದೇಶವಾಯಿತು. ಸೋನಿ ಕಂಪನಿ 2025ರಲ್ಲಿ ಬರೆಯಬಲ್ಲ ಬ್ಲೂ-ರೇ ಡಿಸ್ಕಿನ ತಯಾರಿಕೆ ನಿಲ್ಲಿಸಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಹಾಕುವ ಜಾಗವೇ ಅಪರೂಪ.

ತಾಳೆಗರಿ ಸವೆಯುವ ಮೊದಲೇ ಹೊಸ ಗರಿಗೆ ಪ್ರತಿ ಮಾಡುತ್ತ ಬಂದದ್ದರಿಂದ ಪಂಪನ ಕಾವ್ಯ ನಮ್ಮ ಕೈಗೆ ಬಂತು. ನಾವೂ ಅಷ್ಟೇ ಮಾಡಬೇಕು, ತಾಯಂದಿರೇ. ಡಿವಿಡಿ ಇನ್ನೂ ಓಡುತ್ತಿರುವಾಗಲೇ ಮಕ್ಕಳಿಗೆ ಹೇಳಿ ಪೆನ್‌ಡ್ರೈವಿಗೆ ಒಂದು, ಹಾರ್ಡ್‌ಡಿಸ್ಕಿಗೆ ಒಂದು ಪ್ರತಿ ಇಳಿಸಿರಿ. ಹಾಡುತ್ತಿರುವವರು ಯಾರೆಂದು ಬಲ್ಲವರು ಇರುವಾಗಲೇ ಅವರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದಿಡಿರಿ.