ಮೂಡು, ಪಡು, ತೆಂಕು, ಬಡಗು

ಉಡುಪಿಯ ಕೃಷ್ಣಮಠದ ಆಸುಪಾಸಿನಲ್ಲಿ ತೆಂಕಪೇಟೆ, ಬಡಗುಪೇಟೆ ಎಂಬ ಎರಡು ಪೇಟೆಗಳಿವೆ. ಅಲ್ಲಿಂದ ತೆಂಕಣಕ್ಕೆ ಕಡಲತಡಿಯಲ್ಲಿ ಸಾಗಿದರೆ ಪಡುಬಿದ್ರಿ ಸಿಗುತ್ತದೆ. ಒಳನಾಡಿನತ್ತ ತಿರುಗಿದರೆ ಮೂಡುಬಿದಿರೆ. ಒಂದು ಪಡುವಣದ ಬಿದಿರೆ, ಇನ್ನೊಂದು ಮೂಡಣದ ಬಿದಿರೆ. ಕರಾವಳಿಯ ಯಕ್ಷಗಾನದಲ್ಲೂ ತೆಂಕುತಿಟ್ಟು, ಬಡಗುತಿಟ್ಟುಗಳಿವೆ; ಬಯಲುಸೀಮೆಯಲ್ಲಿ ಮೂಡಲಪಾಯವಿದೆ. ನಕಾಶೆ ಎಂಬುದು ಜನಸಾಮಾನ್ಯರ ಕೈಗೆ ಸಿಗದಿದ್ದ ಕಾಲದಲ್ಲಿ ಈ ಹೆಸರುಗಳೇ ನಾಡಿನ ನಕಾಶೆಯಾಗಿದ್ದವು.

ದಿಕ್ಕುಗಳು ಎಲ್ಲರಿಗೂ ಒಂದೇ ಆದರೂ ಅವುಗಳನ್ನು ಹೆಸರಿಸುವ ಬಗೆ ಭಾಷೆಯಿಂದ ಭಾಷೆಗೆ ಬೇರೆ. ದಿಕ್ಕಿನ ಹೆಸರನ್ನು ಬಿಡಿಸಿ ನೋಡಿದರೆ, ಹೆಸರಿಟ್ಟವರು ಎಲ್ಲಿ ನಿಂತಿದ್ದರು, ಯಾವ ಕಡೆಗೆ ನೋಡುತ್ತಿದ್ದರು ಎಂಬುದು ತಿಳಿಯುತ್ತದೆ.

ಕನ್ನಡದ ಮೂಡಣ ಮತ್ತು ಪಡುವಣಗಳಿಗೆ ಸೂರ್ಯನೇ ಆಧಾರ. ಆತ ಮೂಡುವ ಕಡೆ ಮೂಡಣ. ಪಡುವ, ಎಂದರೆ ಮುಳುಗುವ ಕಡೆ ಪಡುವಣ. ತುಳುವಿನ ಮೂಡಾಯಿ, ಪಡ್ಡಾಯಿಗಳೂ ಇದೇ ಮೂಲದವು. ಸಂಸ್ಕೃತದ ದಾರಿ ಬೇರೆ. ಅಲ್ಲಿ ಮನುಷ್ಯನ ಶರೀರವೇ ಅಳತೆಗೋಲು. ಉದಯಿಸುವ ಸೂರ್ಯನಿಗೆ ಮುಖಮಾಡಿ ನಿಂತವನ ಮುಂದೆ ಇರುವುದು ಪೂರ್ವ, ಬೆನ್ನ ಹಿಂದಿನದು ಪಶ್ಚಿಮ, ಬಲಗೈ ಕಡೆಯದು ದಕ್ಷಿಣ. ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ಪ್ರದಕ್ಷಿಣೆಯಾದದ್ದು ಹೀಗೆ.

ತಮಿಳರು ಸೂರ್ಯನನ್ನೂ ಶರೀರವನ್ನೂ ಬಿಟ್ಟು ನೆಲವನ್ನು ನೋಡಿದರು. ಅವರ ಭಾಷೆಯಲ್ಲಿ ಪೂರ್ವಕ್ಕೆ 'ಕಿಳಕ್ಕು', ಪಶ್ಚಿಮಕ್ಕೆ 'ಮೇರ್ಕು'. ಮೊದಲನೆಯದರಲ್ಲಿ 'ಕೆಳಗೆ' ಎಂಬ ಅರ್ಥವೂ ಎರಡನೆಯದರಲ್ಲಿ 'ಮೇಲೆ' ಎಂಬ ಅರ್ಥವೂ ಅಡಗಿವೆ. ಪಶ್ಚಿಮಕ್ಕೆ ಘಟ್ಟ, ಪೂರ್ವಕ್ಕೆ ಸಮುದ್ರದವರೆಗೆ ಇಳಿಜಾರು ಇರುವ ನಾಡಿಗೆ ಇದು ಸಹಜವೇ. ಆದರೆ ಘಟ್ಟದ ಆಚೆಗಿನ ಮಲೆಯಾಳದಲ್ಲೂ ಪೂರ್ವಕ್ಕೆ 'ಕಿಳಕ್ಕು' ಎಂದೇ ಹೆಸರು. ಕೇರಳದಲ್ಲಿ ಪೂರ್ವವೆಂದರೆ ಬೆಟ್ಟದ ಕಡೆ. ಬೆಟ್ಟವನ್ನು 'ಕೆಳಗೆ' ಎನ್ನುವುದು ಹೇಗೆ?

ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ ಈ ವಿರೋಧಾಭಾಸವನ್ನು ಗುರುತಿಸಿದರು. ಮಲೆಯಾಳದ ಜನ ಮೂಲತಃ ಘಟ್ಟದ ಪೂರ್ವಭಾಗದಿಂದ ಬಂದವರೆಂಬುದಕ್ಕೆ ಇದೇ ಸಾಕ್ಷಿ ಎಂದು ವಾದಿಸಿದರು. ಒಂದೇ ಪದದ ಬಲದಿಂದ ಇಡೀ ಜನಸಮುದಾಯದ ವಲಸೆಯನ್ನು ಸಾಧಿಸಲಾಗದು. ಜನರು ಕದಲದೆಯೂ ಪದಗಳು ಘಟ್ಟ ದಾಟಬಲ್ಲವು. ಆದರೂ ಆ ಪದ ಹುಟ್ಟಿದ್ದು ಪೂರ್ವಕ್ಕೆ ಇಳಿಜಾರಾಗಿರುವ ನೆಲದಲ್ಲಿ ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಕನ್ನಡಕ್ಕೆ ಹತ್ತಿರದ ನುಡಿಯಾಡುವ ನೀಲಗಿರಿಯ ಬಡಗರ ಹೆಸರೂ ಇಂಥದೇ ಒಂದು ದಾಖಲೆ. ಬಡಗ ಎಂದರೆ ಬಡಗಣದವನು, ಉತ್ತರದವನು. ಮೈಸೂರಿನಲ್ಲಿ ನಿಂತು ನೋಡಿದರೆ ನೀಲಗಿರಿ ಇರುವುದು ತೆಂಕಣದಲ್ಲಿ. ಅಲ್ಲಿಯವರನ್ನು ಉತ್ತರದವರೆನ್ನಲು ಕಾರಣವಿಲ್ಲ. ಆದ್ದರಿಂದ ಆ ಹೆಸರು ಬೆಟ್ಟದ ಮೇಲೆ ನಿಂತವರ ದೃಷ್ಟಿಯದು. ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಏರಿ ಬಂದರೆಂಬ ಸಂಪ್ರದಾಯದ ಕಥೆಯನ್ನು ಹೆಸರು ಇಂದಿಗೂ ಹೊತ್ತುಕೊಂಡಿದೆ.

ಶಾಸನಗಳ ಕಾಲದಲ್ಲಿ ದಿಕ್ಕಿನ ಪದ ಆಸ್ತಿಯ ಪ್ರಶ್ನೆಯೂ ಆಗಿತ್ತು. ಕನ್ನಡದ ದಾನಶಾಸನಗಳು ಭೂಮಿಯ ಎಲ್ಲೆಯನ್ನು ಹೇಳುವಾಗ ಸಾಮಾನ್ಯವಾಗಿ ಮೂಡಣದಿಂದ ಆರಂಭಿಸಿ, ತೆಂಕಣ, ಪಡುವಣಗಳನ್ನು ಬಳಸಿ ಬಡಗಣಕ್ಕೆ ಬರುತ್ತವೆ. ಒಂದೊಂದು ದಿಕ್ಕಿಗೂ ಒಂದೊಂದು ಗುರುತು: ಹಳ್ಳ, ಕೆರೆಯ ಏರಿ, ಹುತ್ತ, ಮರ, ನೆಟ್ಟ ಕಲ್ಲು. ಮರ ಬಿದ್ದುಹೋಗಬಹುದು, ಹುತ್ತ ಕರಗಬಹುದು, ದಿಕ್ಕು ಮಾತ್ರ ಅಳಿಯುವಂತಿಲ್ಲ. ಇಂದಿನ ಕ್ರಯಪತ್ರದ ಚೆಕ್ಕುಬಂದಿಯೂ ಇದೇ ಪದ್ಧತಿಯ ಮುಂದುವರಿಕೆ. ಮೂಡಣದ ಜಾಗಕ್ಕೆ 'ಪೂರ್ವಕ್ಕೆ' ಬಂದಿದೆ ಅಷ್ಟೆ. ಎಲ್ಲೆಯ ವ್ಯಾಜ್ಯ ಕೋರ್ಟಿನ ಮೆಟ್ಟಿಲು ಹತ್ತಿದಾಗ ಈ ನಾಲ್ಕು ಪದಗಳ ಬೆಲೆ ಗೊತ್ತಾಗುತ್ತದೆ.

ದಿಕ್ಕು ಹೆಸರುಗಳಲ್ಲಿ ಮಾತ್ರವಲ್ಲ, ವ್ಯಾಕರಣದಲ್ಲೂ ಇದೆ. ಶಾಲೆಯಲ್ಲಿ ವಿಭಕ್ತಿ ಪ್ರತ್ಯಯಗಳನ್ನು ಬಾಯಿಪಾಠ ಮಾಡಿದವರಿಗೆಲ್ಲ ಪಂಚಮಿಯ 'ದೆಸೆಯಿಂದ' ನೆನಪಿರುತ್ತದೆ. ದೆಸೆ ಎಂದರೆ ದಿಶೆ, ದಿಕ್ಕು. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಪಂಚಮಿಗೆ ಹೇಳಿದ 'ಅತ್ತಣಿಂ' ಎಂಬುದರಲ್ಲೂ ಇರುವುದು 'ಅತ್ತ', ಎಂದರೆ ಆ ಕಡೆ. ಒಂದು ವಸ್ತುವಿನಿಂದ ಅಗಲಿ ಬರುವುದನ್ನು ಕನ್ನಡ ಅದರ ದಿಕ್ಕಿನಿಂದ ಬರುವುದೆಂದು ಭಾವಿಸಿತು.

ಇನ್ನು ಚತುರ್ಥಿಯ 'ಗೆ'. 'ಊರಿಗೆ ಹೋದ' ಎಂಬಲ್ಲಿ ಅದು ನಡೆಯುವವನ ಗುರಿ. 'ಅವನಿಗೆ ಬೆಟ್ಟ ಕಂಡಿತು', 'ಅವಳಿಗೆ ಗಂಟೆ ಕೇಳಿಸಿತು' ಎಂಬಲ್ಲಿ ಅದೇ ಪ್ರತ್ಯಯ ನೋಡಿದವನಿಗೆ, ಕೇಳಿಸಿಕೊಂಡವಳಿಗೆ ಹತ್ತುತ್ತದೆ. ನೋಡುವುದು ಮನುಷ್ಯನ ಕೆಲಸ. ಅವನು ಕಣ್ಣು ಹಾಯಿಸುತ್ತಾನೆ, ದೃಷ್ಟಿ ಹೊರಗೆ ಹೋಗುತ್ತದೆ. ಕಾಣುವುದು ಹಾಗಲ್ಲ, ನೋಟವೇ ಅವನ ಬಳಿಗೆ ಬರುತ್ತದೆ. ಕಣ್ಣಿಗೆ ಬೀಳುತ್ತದೆ, ಸುದ್ದಿ ಕಿವಿಗೆ ಬೀಳುತ್ತದೆ, ಒಗ್ಗರಣೆಯ ಘಾಟು ಮೂಗಿಗೆ ಬಡಿಯುತ್ತದೆ. ನಡಿಗೆಗೂ ನೋಟಕ್ಕೂ ಕನ್ನಡ ಒಂದೇ ದಾರಿ ಹಾಕಿದೆ. ಆ ದಾರಿಯಲ್ಲಿ ಮನುಷ್ಯ ಒಮ್ಮೆ ಹೊರಡುವವನು, ಇನ್ನೊಮ್ಮೆ ತಲುಪಿಸಿಕೊಳ್ಳುವವನು.

ಈ ಪೈಕಿ ವ್ಯಾಕರಣ ಉಳಿದಿದೆ, ಹೆಸರುಗಳ ಅರ್ಥ ಸವೆಯುತ್ತಿದೆ. 1990ರ ದಶಕದಲ್ಲಿ ಭಾಷಾವಿಜ್ಞಾನಿ ಎರಿಕ್ ಪೆಡರ್ಸನ್ ತಮಿಳುನಾಡಿನಲ್ಲಿ ನಡೆಸಿದ ಅಧ್ಯಯನ ಇಲ್ಲಿ ಗಮನಾರ್ಹ. ಎದುರಿಗಿಟ್ಟ ವಸ್ತುಗಳ ಸ್ಥಾನವನ್ನು ಹೇಳುವಾಗ ಹಳ್ಳಿಯ ತಮಿಳರು ಹೆಚ್ಚಾಗಿ ಪೂರ್ವ, ಪಶ್ಚಿಮ ಎಂದರೆ, ನಗರದ ತಮಿಳರು ಎಡ, ಬಲ ಎಂದರು. ಭಾಷೆ ಒಂದೇ, ಬದುಕು ಬೇರೆ. ಎಡ-ಬಲ ಎಂಬುದು ಮನುಷ್ಯ ತಿರುಗಿದೊಡನೆ ಅದಲುಬದಲಾಗುತ್ತದೆ. ದಿಕ್ಕು ಹಾಗಲ್ಲ, ಅದು ನೆಲಕ್ಕೆ ಅಂಟಿಕೊಂಡದ್ದು. ಸೂರ್ಯನನ್ನು ನೋಡಿ ಉಳುವ ಕೆಲಸ ಶುರುಮಾಡುವವನಿಗೆ ಅದು ಸದಾ ನೆನಪಿನಲ್ಲಿರುತ್ತದೆ. ಬಹುಮಹಡಿ ಕಟ್ಟಡಗಳ ನಡುವೆ ಫೋನಿನ ನಕಾಶೆ ಹಿಡಿದು ನಡೆಯುವವನಿಗೆ ಅದು ಬೇಕಾಗುವುದಿಲ್ಲ.

ಪಾಠಪುಸ್ತಕ, ಆಡಳಿತ, ರೈಲ್ವೆ ಎಲ್ಲೆಡೆ ಪೂರ್ವ, ಪಶ್ಚಿಮಗಳೇ ನೆಲೆಗೊಂಡಿವೆ. ಬಡಗುತಿಟ್ಟಿನ ಆಟವನ್ನು ರಾತ್ರಿಯಿಡೀ ನೋಡಿದ ಹುಡುಗನಿಗೂ ಬಡಗು ಎಂದರೆ ಉತ್ತರವೆಂದು ಈಗ ಯಾರಾದರೂ ಹೇಳಿಕೊಡಬೇಕಾದೀತು. ಹಾಗೆ ಹೇಳಿಕೊಡಲು ಪುಸ್ತಕವೇನೂ ಬೇಡ. ಮೂಡುಬಿದಿರೆಯಿಂದ ಪಡುಬಿದ್ರಿಗೆ ಸಂಜೆಯ ಬಸ್ಸಿನಲ್ಲಿ ಹೊರಟರೆ, ಸೂರ್ಯ ಪಡುವ ಕಡೆಗೇ ಬಸ್ಸು ಸಾಗುತ್ತಿರುವುದು ಕಣ್ಣಿಗೆ ಬೀಳುತ್ತದೆ.