ನಲಿ-ಕಲಿ ತರಗತಿಯಲ್ಲಿ ಸುರಕ್ಷತೆಯ ಪಾಠ: ಶಾಲೆ, ಪಾಲಕರು ತಿಳಿದಿರಬೇಕಾದ ಸಂಗತಿಗಳು

ಹುಬ್ಬಳ್ಳಿ-ಧಾರವಾಡ: ಪ್ರಾಥಮಿಕ ಶಾಲೆಯ ಮೊದಲ ಮೂರು ವರ್ಷಗಳಲ್ಲಿ ಮಗು ಅಕ್ಷರ, ಅಂಕಿಗಳ ಜೊತೆಗೆ ಮತ್ತೊಂದು ಮಹತ್ವದ ವಿದ್ಯೆಯನ್ನೂ ಕಲಿಯುತ್ತದೆ. ರಸ್ತೆ ದಾಟುವ ಬಗೆ, ಬೆಂಕಿ ಕಂಡಾಗ ಮಾಡಬೇಕಾದ ಕೆಲಸ, ನೀರಿನ ಅಂಚಿನಲ್ಲಿ ಇರಬೇಕಾದ ಎಚ್ಚರ, ಯಾರಾದರೂ ಅಸಭ್ಯವಾಗಿ ವರ್ತಿಸಿದರೆ ಯಾರಿಗೆ ಹೇಳಬೇಕೆಂಬ ತಿಳಿವಳಿಕೆ ಆ ವಿದ್ಯೆಯ ಭಾಗಗಳು. ಇವನ್ನು ಉಪದೇಶದ ಮೂಲಕ ಕಲಿಸಿದರೆ ಮಗು ಪರೀಕ್ಷೆಯವರೆಗೆ ನೆನಪಿಟ್ಟುಕೊಂಡೀತು. ಮಾಡಿ ಕಲಿತರೆ ಆಪತ್ತಿನ ಗಳಿಗೆಯಲ್ಲಿ ಕೈಕಾಲುಗಳೇ ನೆನಪಿಸಿಕೊಳ್ಳುತ್ತವೆ. ಚಟುವಟಿಕೆ ಆಧಾರಿತ ಕಲಿಕೆ ಮತ್ತು ಸುರಕ್ಷತಾ ಶಿಕ್ಷಣ ಒಂದನ್ನೊಂದು ಕೂಡುವುದು ಇಲ್ಲಿಯೇ.

ವಿದ್ಯಾಕಾಶಿ ಎಂದೇ ಹೆಸರಾದ ಧಾರವಾಡಕ್ಕೆ ಕನ್ನಡ ಶಾಲಾ ಶಿಕ್ಷಣದಲ್ಲಿ ವಿಶೇಷ ಸ್ಥಾನವಿದೆ. 19ನೇ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಮುಂಬಯಿ ಪ್ರಾಂತ್ಯದ ಕನ್ನಡ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಸ್ಥಾಪನೆಯಾದದ್ದು ಇಲ್ಲಿಯೇ. ಬೆಳಗಾವಿ ವಿಭಾಗದ ಶಾಲಾ ಶಿಕ್ಷಣದ ಮೇಲ್ವಿಚಾರಣೆ ನಡೆಸುವ ಅಪರ ಆಯುಕ್ತರ ಕಚೇರಿಯೂ ಧಾರವಾಡದಲ್ಲಿದೆ. ಹೀಗಾಗಿ ಅವಳಿ ನಗರದ ಶಾಲೆಗಳಲ್ಲಿ ಮಕ್ಕಳ ಕಲಿಕೆ ಮತ್ತು ಸುರಕ್ಷತೆ ಹೇಗಿರಬೇಕೆಂಬ ಪ್ರಶ್ನೆ ಇಡೀ ಉತ್ತರ ಕರ್ನಾಟಕಕ್ಕೆ ಸಂಬಂಧಿಸಿದ್ದಾಗಿದೆ.

ನಲಿ-ಕಲಿ ಬೆಳೆದು ಬಂದ ದಾರಿ

ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಚಟುವಟಿಕೆ ಕಲಿಕೆ ಎಂದರೆ ಮೊದಲು ನೆನಪಾಗುವ ಹೆಸರು 'ನಲಿ-ಕಲಿ'. 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಇದು ಆರಂಭವಾಯಿತು. ಆಂಧ್ರಪ್ರದೇಶದ ರಿಷಿ ವ್ಯಾಲಿ ಸಂಸ್ಥೆಯ ಗ್ರಾಮೀಣ ಶಾಲೆಗಳ ಪ್ರಯೋಗವೇ ಇದಕ್ಕೆ ಪ್ರೇರಣೆ. ಆ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಇಲ್ಲಿನ ಪಠ್ಯಕ್ಕೆ ತಕ್ಕಂತೆ ಕಲಿಕಾ ಕಾರ್ಡುಗಳನ್ನು ಸಿದ್ಧಪಡಿಸಿದರು. ಹಂತ ಹಂತವಾಗಿ ಹರಡಿದ ಈ ಪದ್ಧತಿಯನ್ನು 2009-10ನೇ ಸಾಲಿನಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳ 1 ಮತ್ತು 2ನೇ ತರಗತಿಗಳಿಗೂ, ಮರುವರ್ಷ 3ನೇ ತರಗತಿಗೂ ವಿಸ್ತರಿಸಲಾಯಿತು.

ಈ ಪದ್ಧತಿಯಲ್ಲಿ ಪಾಠಗಳ ಬದಲು 'ಮೈಲಿಗಲ್ಲು'ಗಳಿವೆ. ಮಗು 'ಕಲಿಕಾ ಏಣಿ'ಯ ಮೆಟ್ಟಿಲುಗಳನ್ನು ತನ್ನ ವೇಗಕ್ಕೆ ತಕ್ಕಂತೆ ಏರುತ್ತದೆ. ಪ್ರತಿ ಮೆಟ್ಟಿಲಿಗೆ ಒಂದು ಚಿತ್ರಸಂಕೇತ, ಆ ಸಂಕೇತಕ್ಕೆ ಹೊಂದುವ ಒಂದು ಕಾರ್ಡು. ಮಕ್ಕಳು ಗುಂಪುಗಳಲ್ಲಿ ಕುಳಿತು ಕೆಲವೊಮ್ಮೆ ಶಿಕ್ಷಕರ ಪೂರ್ಣ ಸಹಾಯದಿಂದ, ಕೆಲವೊಮ್ಮೆ ಗೆಳೆಯರ ನೆರವಿನಿಂದ, ಕೊನೆಗೆ ಸ್ವತಂತ್ರವಾಗಿ ಕಲಿಯುತ್ತಾರೆ. ಮಕ್ಕಳ ಕೈಗೆಟುಕುವಂತೆ ಗೋಡೆಯ ಕೆಳಭಾಗದಲ್ಲಿ ಕಪ್ಪುಹಲಗೆ, ಅವರು ಬಿಡಿಸಿದ ಚಿತ್ರಗಳನ್ನು ತೂಗುಹಾಕಲು 'ಕಲಿಕಾ ಚಪ್ಪರ', ದಿನದ ಬಿಸಿಲು-ಮಳೆ ಗುರುತಿಸುವ ಹವಾಮಾನ ನಕ್ಷೆ ಇವು ನಲಿ-ಕಲಿ ಕೊಠಡಿಯ ಲಕ್ಷಣಗಳು. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ಕೂಡಿ ಕಲಿಯುವುದು ಇದರ ವೈಶಿಷ್ಟ್ಯ.

2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ನಿಪುಣ ಭಾರತ' ಅಭಿಯಾನ 3ನೇ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವಿಗೆ ಓದು, ಬರಹ, ಲೆಕ್ಕದ ಬುನಾದಿ ಗಟ್ಟಿಯಾಗಬೇಕೆಂಬ ಗುರಿ ಇಟ್ಟುಕೊಂಡಿತು. ಇದರೊಂದಿಗೆ 2019ರಲ್ಲಿ ರಾಜ್ಯ ಸರ್ಕಾರ ಶಾಲಾ ಚೀಲದ ಭಾರಕ್ಕೆ ಮಿತಿ ಹಾಕಿ, ತಿಂಗಳ ಮೂರನೇ ಶನಿವಾರವನ್ನು ಚೀಲವಿಲ್ಲದ ದಿನವೆಂದು ಗೊತ್ತುಪಡಿಸಿದ್ದನ್ನು ಇಲ್ಲಿ ಸ್ಮರಿಸಬಹುದು. 'ಸಂಭ್ರಮ ಶನಿವಾರ' ಎಂದು ಕರೆಯಲಾದ ಈ ದಿನ ಸುರಕ್ಷತೆಯ ಚಟುವಟಿಕೆಗಳಿಗೆ ಹೇಳಿ ಮಾಡಿಸಿದಂತಿದೆ.

ಬೆಂಕಿ ಮತ್ತು ಬಿಸಿಯ ಪಾಠ

ಸುರಕ್ಷತೆಯ ಪಾಠ ಏಕೆ ಬೇಕು ಎಂಬುದಕ್ಕೆ ಘೋರ ಉದಾಹರಣೆಗಳಿವೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಯೊಂದರ ಅಡುಗೆಮನೆಯಲ್ಲಿ ಕಾಣಿಸಿಕೊಂಡ ಬೆಂಕಿ ಗರಿಯ ಚಾವಣಿಗೆ ಹಬ್ಬಿ 94 ಮಕ್ಕಳು ಸಾವನ್ನಪ್ಪಿದರು. ಈ ದುರಂತದ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಅರ್ಜಿಯ ಕುರಿತು ಸುಪ್ರೀಂ ಕೋರ್ಟ್ 2009ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು. ಸುರಕ್ಷಿತ ಕಟ್ಟಡದಲ್ಲಿ ಕಲಿಯುವುದು ಶಿಕ್ಷಣದ ಹಕ್ಕಿನ ಭಾಗವೆಂದು ಹೇಳಿದ ನ್ಯಾಯಾಲಯ, ಶಾಲೆಗಳು ಬೆಂಕಿ ನಂದಿಸುವ ಉಪಕರಣಗಳನ್ನು ಇಟ್ಟುಕೊಳ್ಳಬೇಕು, ಸಿಬ್ಬಂದಿಗೆ ತರಬೇತಿ ಕೊಡಿಸಬೇಕು ಎಂದು ಸೂಚಿಸಿತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ಶಾಲಾ ಸುರಕ್ಷತೆಯ ಮಾರ್ಗಸೂಚಿಗಳನ್ನು ಪ್ರಕಟಿಸಿತು.

ನಮ್ಮ ರಾಜ್ಯದಲ್ಲೂ ಎಚ್ಚರಿಕೆಯ ಗಂಟೆ ಮೊಳಗಿದೆ. 2023ರ ನವೆಂಬರ್‌ನಲ್ಲಿ ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ಬಿಸಿಯೂಟದ ಕುದಿಯುವ ಸಾಂಬಾರಿನ ಪಾತ್ರೆಗೆ ಬಿದ್ದ ಬಾಲಕಿಯೊಬ್ಬಳು ಚಿಕಿತ್ಸೆ ಫಲಿಸದೆ ಮೃತಪಟ್ಟಳು. ಊಟದ ಗಂಟೆ ಬಾರಿಸಿದ ಕೂಡಲೇ ಹಸಿದ ಮಕ್ಕಳು ಓಡುವುದು ಸಹಜ. ಆದ್ದರಿಂದ ಪಾತ್ರೆ ಇಡುವ ಜಾಗ ಮಕ್ಕಳ ಓಡಾಟದ ದಾರಿಯಿಂದ ದೂರವಿರಬೇಕು, ಪಾತ್ರೆಗೆ ಮುಚ್ಚಳವಿರಬೇಕು, ಬಡಿಸುವವರೆಗೆ ಹಿರಿಯರೊಬ್ಬರು ಅಲ್ಲಿಯೇ ನಿಂತಿರಬೇಕು. ಸಾಲಿನಲ್ಲಿ ನಿಲ್ಲುವ ಅಭ್ಯಾಸ ಮಕ್ಕಳಿಗೆ ಕಲಿಸಬೇಕಾದದ್ದು ನಿಜ. ಆದರೆ ಪಾತ್ರೆಯನ್ನು ಸರಿಯಾದ ಜಾಗದಲ್ಲಿ ಇಡುವ ಹೊಣೆ ಹಿರಿಯರದೇ.

ತರಗತಿಯಲ್ಲಿ ಬೆಂಕಿಯ ಪಾಠವನ್ನು ಆಟದಂತೆ ನಡೆಸಬಹುದು. ಶಿಕ್ಷಕರು ಗಂಟೆಯನ್ನು ಬೇರೆ ಬಗೆಯಲ್ಲಿ ಬಾರಿಸಿದಾಗ ಮಕ್ಕಳು ಚೀಲ, ಪುಸ್ತಕಗಳನ್ನು ಅಲ್ಲಿಯೇ ಬಿಟ್ಟು, ತಳ್ಳಾಡದೆ ಸಾಲಾಗಿ ಹೊರಬಂದು, ಮೈದಾನದ ಗೊತ್ತಾದ ಜಾಗದಲ್ಲಿ ಸೇರಬೇಕು. ಹಾಜರಿ ಪುಸ್ತಕ ಹಿಡಿದು ಶಿಕ್ಷಕರು ತಲೆ ಎಣಿಸಬೇಕು. ಹೊಗೆ ತುಂಬಿದ್ದರೆ ಬಾಗಿ, ನೆಲಕ್ಕೆ ಹತ್ತಿರವಾಗಿ ಸಾಗಬೇಕು. ಬಟ್ಟೆಗೆ ಬೆಂಕಿ ತಗುಲಿದರೆ ಓಡದೆ ನಿಂತು, ನೆಲಕ್ಕೆ ಮಲಗಿ, ಉರುಳಬೇಕು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಅಥವಾ ಶಾಯಿ ಹಚ್ಚುವ ರೂಢಿ ಹಾನಿಕರ. ಹರಿಯುವ ತಣ್ಣೀರನ್ನು ಸುಮಾರು 20 ನಿಮಿಷ ಬಿಟ್ಟು ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಕ್ರಮ.

ರಸ್ತೆಯ ಪಾಠ

ಹುಬ್ಬಳ್ಳಿ-ಧಾರವಾಡ ನಡುವೆ ಸುಮಾರು 22 ಕಿ.ಮೀ. ಉದ್ದದ ತ್ವರಿತ ಬಸ್ ಸಾರಿಗೆ ಮಾರ್ಗವಿದೆ. 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಸಂಚಾರ ಆರಂಭಿಸಿದ 'ಚಿಗರಿ' ಬಸ್ ಸೇವೆಯನ್ನು 2020ರ ಫೆಬ್ರುವರಿ 2ರಂದು ಅಂದಿನ ಉಪರಾಷ್ಟ್ರಪತಿ ಎಂ. ವೆಂಕಯ್ಯ ನಾಯ್ಡು ವಿಧ್ಯುಕ್ತವಾಗಿ ಉದ್ಘಾಟಿಸಿದರು. ಇಲ್ಲಿ ಬಸ್ಸುಗಳು ರಸ್ತೆಯ ನಡುವಿನ ಪ್ರತ್ಯೇಕ ಪಥದಲ್ಲಿ ಓಡುತ್ತವೆ. ನಿಲ್ದಾಣಗಳೂ ನಡುವಿನಲ್ಲಿಯೇ ಇವೆ. ಅಂದರೆ ಬಸ್ ಹತ್ತಲು ಹೋಗುವ ಮಗು ಮೊದಲು ಇತರ ವಾಹನಗಳ ಪಥವನ್ನು, ರಸ್ತೆ ಪೂರ್ತಿ ದಾಟುವ ಮಗು ಬಸ್ ಪಥವನ್ನೂ ದಾಟಬೇಕಾಗುತ್ತದೆ. 'ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ' ಎಂಬ ಹಳೆಯ ಪಾಠ ಇಂತಹ ರಸ್ತೆಗೆ ಸಾಲದು. ಪ್ರತಿ ಪಥದ ಅಂಚಿನಲ್ಲಿ ನಿಂತು ಹೊಸದಾಗಿ ನೋಡುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು.

ಶಾಲಾ ಅಂಗಳದಲ್ಲಿ ಸುಣ್ಣದ ಪುಡಿಯಿಂದ ರಸ್ತೆ, ಪಟ್ಟೆಗುರುತು, ನಡುವಿನ ನಿಲ್ದಾಣ ಬಿಡಿಸಿ, ಕೆಲವು ಮಕ್ಕಳನ್ನು ವಾಹನಗಳಾಗಿ, ಕೆಲವರನ್ನು ಪಾದಚಾರಿಗಳಾಗಿ ನಿಲ್ಲಿಸಿದರೆ ಅರ್ಧ ಗಂಟೆಯಲ್ಲಿ ಈ ಪಾಠ ಮುಗಿಯುತ್ತದೆ. ಚಿಕ್ಕ ಮಕ್ಕಳು ವಾಹನದ ವೇಗ ಮತ್ತು ದೂರವನ್ನು ಸರಿಯಾಗಿ ಅಂದಾಜಿಸಲಾರರು. ಆದಕಾರಣ ಪಾಠವಾದ ಮೇಲೂ ಚಿಕ್ಕ ತರಗತಿಯ ಮಕ್ಕಳು ಹಿರಿಯರ ಕೈ ಹಿಡಿದೇ ರಸ್ತೆ ದಾಟಬೇಕು.

ದ್ವಿಚಕ್ರ ವಾಹನದಲ್ಲಿ ಮಕ್ಕಳನ್ನು ಶಾಲೆಗೆ ಬಿಡುವ ಪಾಲಕರು ಗಮನಿಸಬೇಕಾದ ಕಾನೂನಿದೆ. 2019ರ ತಿದ್ದುಪಡಿಯ ನಂತರ 4 ವರ್ಷ ಮೀರಿದ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ. 9 ತಿಂಗಳಿಂದ 4 ವರ್ಷದವರೆಗಿನ ಮಕ್ಕಳಿಗೆ ಹೆಲ್ಮೆಟ್ ಜೊತೆಗೆ ಸವಾರರಿಗೆ ಕಟ್ಟುವ ಸುರಕ್ಷತಾ ಪಟ್ಟಿ ಇರಬೇಕು, ವೇಗ ಗಂಟೆಗೆ 40 ಕಿ.ಮೀ. ಮೀರಬಾರದು ಎಂಬ ನಿಯಮ 2023ರ ಫೆಬ್ರುವರಿಯಲ್ಲಿ ಜಾರಿಗೆ ಬಂದಿದೆ.

ನೀರು, ಮಳೆ, ಕೊಳವೆಬಾವಿ

ಧಾರವಾಡ ಜಿಲ್ಲೆಯ ಪೂರ್ವಭಾಗ ಎರೆಭೂಮಿ. ಪಶ್ಚಿಮಭಾಗ ಮಲೆನಾಡಿನ ಸೆರಗು. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಹಳೆಯ ಗೋಡೆಗಳು ಬಿರುಕು ಬಿಡುತ್ತವೆ. 2019ರ ಮಳೆಗಾಲದಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಹರಿದುದು ಜನರ ನೆನಪಿನಲ್ಲಿದೆ. ಮಳೆಗಾಲಕ್ಕೆ ಮುನ್ನ ಕೊಠಡಿಗಳ ಚಾವಣಿ, ಕಾಂಪೌಂಡ್ ಗೋಡೆ, ಶೌಚಾಲಯ, ವಿದ್ಯುತ್ ತಂತಿಗಳನ್ನು ಪರೀಕ್ಷಿಸಿ, ಶಿಥಿಲ ಕೊಠಡಿಗೆ ಬೀಗ ಹಾಕುವುದು ಶಾಲೆಯ ಕರ್ತವ್ಯ. ಬಿರುಕು ಬಿಟ್ಟ ಗೋಡೆಯ ಕೆಳಗೆ ಆಡಬಾರದು, ಒದ್ದೆ ಕೈಯಿಂದ ಸ್ವಿಚ್ ಮುಟ್ಟಬಾರದು, ತುಂಬಿದ ಹಳ್ಳ ದಾಟಬಾರದು ಎಂಬುದು ಮಕ್ಕಳು ಕಲಿಯಬೇಕಾದ ಪಾಠ.

ಉಣಕಲ್, ಕೆಲಗೇರಿ ಕೆರೆಗಳಿರುವ ಅವಳಿ ನಗರದಲ್ಲಿ, ಕೃಷಿ ಹೊಂಡಗಳಿರುವ ಹಳ್ಳಿಗಳಲ್ಲಿ ನೀರಿನ ಎಚ್ಚರ ಇನ್ನೂ ಮುಖ್ಯ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಹೊಂಡದ ಅಂಚು ಜಾರುವುದರಿಂದ ಒಮ್ಮೆ ಬಿದ್ದವರು ಮೇಲೇರಲು ಕಷ್ಟ. ಗೆಳೆಯ ಮುಳುಗುತ್ತಿದ್ದರೆ ತಾನೂ ನೀರಿಗೆ ಧುಮುಕದೆ, ಕೂಗಿ ಹಿರಿಯರನ್ನು ಕರೆದು, ಹಗ್ಗವನ್ನೋ ಕೋಲನ್ನೋ ಚಾಚಬೇಕೆಂಬುದನ್ನು ಮಕ್ಕಳಿಂದ ಆಡಿಸಿ ತೋರಿಸಬೇಕು.

ತೆರೆದ ಕೊಳವೆಬಾವಿಗಳು ಉತ್ತರ ಕರ್ನಾಟಕಕ್ಕೆ ಪದೇ ಪದೇ ದುಃಖ ತಂದಿವೆ. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ ಬಾಲಕ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬಾಲಕಿ ಬಲಿಯಾದರು. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಪುಟ್ಟ ಬಾಲಕನನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಹೊರತೆಗೆಯಲಾಯಿತು. ಕೊಳವೆಬಾವಿಯ ಸುತ್ತ ಬೇಲಿ, ಬಾಯಿಗೆ ಉಕ್ಕಿನ ಮುಚ್ಚಳ, ಕೈಬಿಟ್ಟ ಬಾವಿಗೆ ಮಣ್ಣು ತುಂಬುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2010ರಲ್ಲಿಯೇ ನಿರ್ದೇಶಿಸಿದೆ. 'ತೆರೆದ ಕೊಳವೆಬಾವಿ ಕಂಡರೆ ಅಕ್ಕೋರಿಗೆ ಹೇಳು' ಎಂದು ಕಲಿತ ಮಗು ಊರಿಗೇ ಉಪಕಾರ ಮಾಡಬಲ್ಲದು.

ಹಾವು ಕಚ್ಚಿದಾಗ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಅಪಾಯಕಾರಿ. ಕಚ್ಚಿಸಿಕೊಂಡ ಭಾಗ ಅಲುಗಾಡದಂತೆ ಇರಿಸಿ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ದೇಹದ ಸುರಕ್ಷತೆ

ಮಕ್ಕಳ ಸುರಕ್ಷತೆಯಲ್ಲಿ ಅತ್ಯಂತ ಸೂಕ್ಷ್ಮವಾದ ವಿಷಯ ಲೈಂಗಿಕ ದೌರ್ಜನ್ಯದಿಂದ ರಕ್ಷಣೆ. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲರೂ ಮಕ್ಕಳು. ಅಪರಾಧ ನಡೆದದ್ದು ತಿಳಿದವರು ಪೊಲೀಸರಿಗೆ ಮಾಹಿತಿ ನೀಡಲೇಬೇಕು, ಮುಚ್ಚಿಡುವುದೂ ಶಿಕ್ಷಾರ್ಹ. ಶಾಲೆಯ ಮರ್ಯಾದೆ ಎಂಬ ನೆಪ ಕಾನೂನಿನ ಮುಂದೆ ನಿಲ್ಲದು.

ತರಗತಿಯಲ್ಲಿ ಈ ಪಾಠ ಸರಳವಾಗಿರಬೇಕು: ನನ್ನ ದೇಹ ನನ್ನದು, ಬೇಡವೆನಿಸಿದ ಸ್ಪರ್ಶಕ್ಕೆ 'ಬೇಡ' ಎನ್ನಬಹುದು, ಅಲ್ಲಿಂದ ಓಡಬಹುದು, ನಂಬಿಕೆಯ ಹಿರಿಯರಿಗೆ ಹೇಳಬೇಕು. ಪ್ರತಿ ಮಗು ತನ್ನ ಅಂಗೈ ಚಿತ್ರ ಬಿಡಿಸಿ, ಐದು ಬೆರಳಿಗೆ ತಾನು ನಂಬುವ ಐವರ ಹೆಸರು ಬರೆಯುವ ಚಟುವಟಿಕೆ ಇದಕ್ಕೆ ಉಪಯುಕ್ತ. ಅಪರಿಚಿತರಷ್ಟೇ ಅಲ್ಲದೆ ಪರಿಚಿತರೂ ತಪ್ಪು ಮಾಡಬಹುದೆಂಬುದು ಮಗುವಿಗೆ ತಿಳಿದಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮಗು ಹೇಳಿದಾಗ ಗದರಿಸದೆ ಕೇಳಿಸಿಕೊಳ್ಳುವ ಹಿರಿಯರಿರಬೇಕು. ಹೊಡೆತಕ್ಕೆ ಹೆದರುವ ಮಗು ಯಾವುದನ್ನೂ ಬಾಯಿಬಿಡದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು ನಿಷೇಧಿಸಿರುವುದರ ಮಹತ್ವ ಇಲ್ಲಿ ಅರ್ಥವಾಗುತ್ತದೆ.

ಹೊಣೆ ಯಾರದು?

ಇಷ್ಟೆಲ್ಲ ಕಲಿಸಿದರೂ ಸುರಕ್ಷತೆಯ ಭಾರವನ್ನು ಆರೇಳು ವರ್ಷದ ಮಗುವಿನ ಹೆಗಲಿಗೆ ಹೊರಿಸುವಂತಿಲ್ಲ. ಎಲ್ಲ ಹವಾಮಾನಕ್ಕೂ ತಡೆಯುವ ಕಟ್ಟಡ, ಪ್ರತ್ಯೇಕ ಶೌಚಾಲಯ, ಸುರಕ್ಷಿತ ಕುಡಿಯುವ ನೀರು, ಕಾಂಪೌಂಡ್ ಅಥವಾ ಬೇಲಿ ಇರಬೇಕೆಂದು ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುತ್ತದೆ. 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಕನಿಷ್ಠ ಇಬ್ಬರು ಶಿಕ್ಷಕರಿರಬೇಕು. ಏಕೋಪಾಧ್ಯಾಯ ಶಾಲೆಯಲ್ಲಿ ಇರುವ ಒಬ್ಬರು ಸಭೆಗೋ ಇತರ ಸರ್ಕಾರಿ ಕೆಲಸಕ್ಕೋ ಹೋದರೆ ಪಾಠ ನಿಲ್ಲುವುದಷ್ಟೇ ಅಲ್ಲ, ಮಕ್ಕಳ ಮೇಲಿನ ಕಣ್ಣೂ ಇಲ್ಲವಾಗುತ್ತದೆ. ಶಿಕ್ಷಕರ ಕೊರತೆ ಸುರಕ್ಷತೆಯ ಪ್ರಶ್ನೆಯೂ ಹೌದೆಂಬುದನ್ನು ಮರೆಯುವಂತಿಲ್ಲ.

ಪಾಲಕರಿಗೆ ಕೇಳುವ ಅಧಿಕಾರವಿದೆ. ಸರ್ಕಾರಿ ಶಾಲೆಗಳಲ್ಲಿ 2001ರಿಂದ ರಚನೆಯಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಪಾಲಕರಿಗೇ ಪ್ರಾತಿನಿಧ್ಯ. ಸಮಿತಿಯ ಸಭೆಯಲ್ಲಿ ಈ ಪ್ರಶ್ನೆಗಳನ್ನು ಎತ್ತಬಹುದು:

* ಬೆಂಕಿ ನಂದಿಸುವ ಉಪಕರಣ ಇದೆಯೇ, ಅದರ ಅವಧಿ ಮುಗಿದಿಲ್ಲವೇ?
* ಅಣಕು ಕಾರ್ಯಾಚರಣೆ ಕೊನೆಯದಾಗಿ ನಡೆದದ್ದು ಯಾವಾಗ?
* ಬಿಸಿಯೂಟದ ಪಾತ್ರೆ, ಗ್ಯಾಸ್ ಸಿಲಿಂಡರ್ ಎಲ್ಲಿ ಇಡಲಾಗುತ್ತಿದೆ?
* ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಬೇಕಾದ ಸಾಮಗ್ರಿ ಇವೆಯೇ?
* ಶಾಲೆ ಬಿಟ್ಟ ಮೇಲೆ ಮಗುವನ್ನು ಯಾರೊಂದಿಗೆ ಕಳುಹಿಸಲಾಗುತ್ತದೆ?

ಮಕ್ಕಳಿಗೆ ಬಾಯಿಪಾಠವಾಗಬೇಕಾದ ಸಂಖ್ಯೆಗಳು ನಾಲ್ಕು: ಎಲ್ಲ ತುರ್ತು ನೆರವಿಗೆ 112, ಅಗ್ನಿಶಾಮಕ ದಳಕ್ಕೆ 101, ಆಂಬುಲೆನ್ಸ್‌ಗೆ 108, ಮಕ್ಕಳ ಸಹಾಯವಾಣಿಗೆ 1098. ಇವುಗಳ ಜೊತೆಗೆ ತನ್ನ ಹೆಸರು, ಪಾಲಕರ ಹೆಸರು, ಮನೆಯ ಒಂದು ದೂರವಾಣಿ ಸಂಖ್ಯೆಯನ್ನು ತಡವರಿಸದೆ ಹೇಳಲು ಬಂದರೆ ಮೊದಲನೇ ತರಗತಿಯ ಮಗು ದೊಡ್ಡದೊಂದು ಮೈಲಿಗಲ್ಲನ್ನೇ ದಾಟಿದಂತೆ.