ತನಿಖಾ ವರದಿಯ ಖರ್ಚು ಯಾರ ಲೆಕ್ಕಕ್ಕೆ?

ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕಾಗಿ 2011-12ರ ಸುಮಾರಿಗೆ ಮೂರು ಸಾವಿರಕ್ಕೂ ಹೆಚ್ಚು ಎಕರೆ ಜಮೀನು ರೈತರ ಕೈಬಿಟ್ಟಿತು. ಅಲ್ಲಿಗೆ ಬಂದವುಗಳಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳೇ ಹೆಚ್ಚು. ರಾತ್ರಿಯಾದರೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ ಬರುತ್ತದೆ, ಹಳ್ಳಕ್ಕೆ ತ್ಯಾಜ್ಯ ಬಿಡುತ್ತಾರೆ ಎಂದು ಸುತ್ತಲಿನ ಹಳ್ಳಿಗಳವರು ವರ್ಷಗಳಿಂದ ದೂರುತ್ತಿದ್ದಾರೆ. ಕನ್ನಡ ದಿನಪತ್ರಿಕೆಗಳು ಆ ದೂರನ್ನು ಬರೆದಿವೆ, ಈಗಲೂ ಬರೆಯುತ್ತಿವೆ. ಆದರೆ ಊರವರು ಹೀಗೆನ್ನುತ್ತಾರೆ, ಕಂಪನಿಯವರು ಅಲ್ಲಗಳೆಯುತ್ತಾರೆ ಎಂಬಲ್ಲಿಂದ ಸುದ್ದಿ ಒಂದು ಹೆಜ್ಜೆ ಮುಂದೆ ಹೋಗಬೇಕಾದರೆ ದುಡ್ಡು ಬೇಕು.

ಎಷ್ಟು, ಯಾತಕ್ಕೆ? ದ್ರಾವಕಗಳ ಅಂಶ ಪತ್ತೆಯಾಗಬೇಕಾದರೆ ನೀರನ್ನು ಗಾಜಿನ ಬಾಟಲಿಯಲ್ಲಿ, ಒಂದು ಗಾಳಿಗುಳ್ಳೆಯೂ ಉಳಿಯದಂತೆ ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಹೈದರಾಬಾದಿಗೋ ಬೆಂಗಳೂರಿಗೋ ಸಾಗಿಸಬೇಕು. ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಶುಲ್ಕ ಕಟ್ಟಬೇಕು. ಒಂದು ಬಾವಿಯ ಒಂದು ಪರೀಕ್ಷೆಯನ್ನು ಯಾರೂ ಒಪ್ಪುವುದಿಲ್ಲ; ನಾಲ್ಕಾರು ಕಡೆ, ಬೇಸಿಗೆಯಲ್ಲೊಮ್ಮೆ ಮಳೆ ಬಿದ್ದ ಮೇಲೊಮ್ಮೆ ಮಾಡಿಸಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಯಾವ ಕಾರ್ಖಾನೆಗೆ ಯಾವ ಷರತ್ತಿನ ಮೇಲೆ ಸಮ್ಮತಿ ಕೊಟ್ಟಿದೆ ಎಂಬ ಕಾಗದಗಳಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಮೇಲ್ಮನವಿ ಹಾಕಿ, ತಿಂಗಳುಗಟ್ಟಲೆ ಕಾಯಬೇಕು. ಇಷ್ಟೆಲ್ಲ ಮಾಡಬೇಕಾದವರು ಯಾರೆಂದರೆ ತಾಲ್ಲೂಕಿನ ಅರೆಕಾಲಿಕ ವರದಿಗಾರರು. ಅವರಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ಪೇಪರ್ ಏಜೆಂಟರು, ಮಧ್ಯಾಹ್ನ ಸುದ್ದಿಗಾರರು, ಸ್ವಾತಂತ್ರ್ಯೋತ್ಸವ, ರಾಜ್ಯೋತ್ಸವ ಬಂದರೆ ಜಾಹೀರಾತು ತರುವವರು. ಜಾಹೀರಾತು ಕೊಡಬಲ್ಲವರ ಪಟ್ಟಿ ಸಣ್ಣ ಊರಿನಲ್ಲಿ ಬಲು ಚಿಕ್ಕದು. ತನಿಖೆಗೆ ಒಳಗಾಗಬೇಕಾದವರ ಹೆಸರೂ ಅದರಲ್ಲೇ ಇರುತ್ತದೆ.

ಪತ್ರಿಕೆಯನ್ನು ಲಾಭದ ಹಂಗಿನಿಂದ ಬಿಡಿಸಿ ಸಾರ್ವಜನಿಕ ಹಣದ ಮೇಲೆ ನಿಲ್ಲಿಸುವ ಯೋಚನೆ ಕನ್ನಡಕ್ಕೆ ಹೊಸದೇನಲ್ಲ. ರಂಗನಾಥ ದಿವಾಕರ, ಮೊಹರೆ ಹಣಮಂತರಾಯರಂಥ ಸ್ವಾತಂತ್ರ್ಯ ಹೋರಾಟಗಾರರು 1930ರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಲೋಕಶಿಕ್ಷಣ ಟ್ರಸ್ಟ್ ಕಟ್ಟಿದ್ದು ಇದೇ ನಂಬಿಕೆಯಿಂದ. ‘ಸಂಯುಕ್ತ ಕರ್ನಾಟಕ’, ‘ಕರ್ಮವೀರ’, ‘ಕಸ್ತೂರಿ’ ಆ ಟ್ರಸ್ಟಿನ ಆಸರೆಯಲ್ಲಿ ನಡೆದವು. ಜನರಿಗೆ ತಿಳಿವಳಿಕೆ ಕೊಡುವುದು ಧರ್ಮಕಾರ್ಯ, ಹಾಗಾಗಿ ಅದಕ್ಕೆ ತೆರಿಗೆ ಇರಬಾರದು ಎಂಬುದು ಟ್ರಸ್ಟಿನ ವಾದ. ಹಿಂದೆ 1939ರಲ್ಲಿ ಲಾಹೋರಿನ ‘ಟ್ರಿಬ್ಯೂನ್’ ಟ್ರಸ್ಟಿನ ವಿಷಯದಲ್ಲಿ ಪ್ರಿವಿ ಕೌನ್ಸಿಲ್ ಇಂಥದೊಂದು ವಾದವನ್ನು ಎತ್ತಿಹಿಡಿದಿತ್ತು. ಆದರೆ 1961ರ ಆದಾಯ ತೆರಿಗೆ ಕಾಯ್ದೆ ‘ಲಾಭದ ಚಟುವಟಿಕೆ ಇರಕೂಡದು’ ಎಂಬ ಷರತ್ತನ್ನು ಸೇರಿಸಿಬಿಟ್ಟಿತು. ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 1975ರ ಆಗಸ್ಟ್‌ನಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರಿದ್ದ ಪೀಠ ಟ್ರಸ್ಟಿನ ವಿರುದ್ಧ ತೀರ್ಪಿತ್ತಿತು. ಕಾಯ್ದೆ ಹೇಳುವ ಶಿಕ್ಷಣ ಕ್ರಮಬದ್ಧವಾದ ಬೋಧನೆ, ಪತ್ರಿಕೆ ಓದಿ ಅರಿವು ಹೆಚ್ಚುವುದು ಅದರಲ್ಲಿ ಬಾರದು. ಸಾರ್ವಜನಿಕ ಉಪಯೋಗದ ಕೆಲಸವೆಂದುಕೊಂಡರೂ ಪತ್ರಿಕೆ ಲಾಭ ತರುವ ಉದ್ಯಮವೇ ಎಂಬುದು ಅದರ ಸಾರ.

ತುರ್ತುಪರಿಸ್ಥಿತಿ ಹೇರಿ ಆಗಿನ್ನೂ ಎರಡು ತಿಂಗಳು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದ ಹೊತ್ತಿನಲ್ಲಿ ಬಂದ ಈ ತೆರಿಗೆ ತೀರ್ಪು ಯಾರ ಗಮನವನ್ನೂ ಸೆಳೆದಿರಲಾರದು. ಲಾಭದ ಕುರಿತ ಅದರ ವ್ಯಾಖ್ಯಾನವನ್ನು ಕೆಲವೇ ವರ್ಷಗಳಲ್ಲಿ ಸೂರತ್ ಆರ್ಟ್ ಸಿಲ್ಕ್ ಪ್ರಕರಣದಲ್ಲಿ ಐವರ ಪೀಠ ಒಪ್ಪಲಿಲ್ಲ, ಕಾಯ್ದೆಯ ಮಾತುಗಳೂ ಹಲವು ಸಲ ಬದಲಾದವು. ಆದರೂ ಬಡವರ ನೆರವು, ಶಿಕ್ಷಣ, ವೈದ್ಯಕೀಯ, ಯೋಗ, ಪರಿಸರ ರಕ್ಷಣೆ ಎಂದು ಹೆಸರಿಡಿದು ಹೇಳುವ ಧರ್ಮಕಾರ್ಯಗಳ ಪಟ್ಟಿಯಲ್ಲಿ ಪತ್ರಿಕಾವೃತ್ತಿಗೆ ಇವತ್ತಿಗೂ ಜಾಗವಿಲ್ಲ. ಈ ಹೊತ್ತಿನ ತೊಡಕುಗಳಿಗೆಲ್ಲ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

1980ರಲ್ಲಿ ಪಿ. ಲಂಕೇಶ್ ಇನ್ನೊಂದು ದಾರಿ ತೋರಿಸಿದರು. ‘ಲಂಕೇಶ್ ಪತ್ರಿಕೆ’ ಜಾಹೀರಾತು ಮುಟ್ಟಲಿಲ್ಲ. ಓದುಗರು ಕೊಟ್ಟ ಕಾಸಿನಲ್ಲೇ ಮಂತ್ರಿಗಳನ್ನು ನಡುಗಿಸಿತು. 2005ರಿಂದ ಗೌರಿ ಲಂಕೇಶ್ ಕೂಡ ತಮ್ಮ ವಾರಪತ್ರಿಕೆಯನ್ನು ಹಾಗೆಯೇ ನಡೆಸಿದರು, 2017ರ ಸೆಪ್ಟೆಂಬರ್ 5ರಂದು ಅವರ ಕೊಲೆಯಾಗುವವರೆಗೆ. ಆದರೆ ಓದುಗರ ಹಣ ಒಂದು ವಾರದ ಕಥೆಯನ್ನು ಸಾಕೀತು, ಎರಡು ವರ್ಷದ ತನಿಖೆಯನ್ನು ಸಾಕುವುದು ಕಷ್ಟ.

ಅದಕ್ಕೆ ಕನ್ನಡದ ನೆಲದಲ್ಲೇ ಒಂದು ಉದಾಹರಣೆಯಿದೆ. ಕಾಸರಗೋಡಿನ ಗಡಿ ಹಳ್ಳಿಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದ ಕಾಲ. ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಗಮನಿಸಿ ಬರೆಯತೊಡಗಿದ್ದು 1980ರ ದಶಕದ ಆರಂಭದಲ್ಲಿ. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಬರೆದರು. ಪುರಾವೆ ಎಲ್ಲಿ ಎಂಬ ಒಂದೇ ಪ್ರಶ್ನೆಯ ಮುಂದೆ ಎಲ್ಲ ಬರಹವೂ ನಿಂತುಬಿಡುತ್ತಿತ್ತು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಪಡ್ರೆ ಗ್ರಾಮದಿಂದ ನೀರು, ಮಣ್ಣು, ಹಾಲು, ಜನರ ರಕ್ತದ ಮಾದರಿ ತರಿಸಿ ತನ್ನದೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿತು. ವಿಷದ ಅಂಶ ವಿಪರೀತವಾಗಿತ್ತು, ಅದರ ‘ಡೌನ್ ಟು ಅರ್ತ್’ ಪತ್ರಿಕೆ ಅದನ್ನು ಪ್ರಕಟಿಸಿತು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕಿತು. ಸುಮಾರು ಇಪ್ಪತ್ತು ವರ್ಷದ ಬರಹಕ್ಕೆ ಅಂಕಿಸಂಖ್ಯೆಯ ಬಲ ಬಂದದ್ದು ಒಂದು ಸಂಸ್ಥೆ ಪರೀಕ್ಷೆಯ ಖರ್ಚು ಹೊತ್ತದ್ದರಿಂದ. ಆ ಖರ್ಚನ್ನು 1985ರಲ್ಲೇ ಯಾರಾದರೂ ಹೊತ್ತಿದ್ದರೆ ಎಷ್ಟು ಮಕ್ಕಳು ನೆಟ್ಟಗೆ ನಡೆಯುತ್ತಿದ್ದರೋ ಎಂದು ಯೋಚಿಸಿದರೆ ಹೊಟ್ಟೆ ಸಂಕಟವಾಗುತ್ತದೆ.

ಹೊರಗೆ ಇಂಥ ಹಣಕ್ಕೆ ದೊಡ್ಡ ಚರಿತ್ರೆಯಿದೆ. ಅಮೆರಿಕದಲ್ಲಿ 1969ರಲ್ಲಿ ಫಿಲಿಪ್ ಸ್ಟರ್ನ್ ತನಿಖಾ ವರದಿಗೆಂದೇ ಒಂದು ನಿಧಿ ಸ್ಥಾಪಿಸಿದರು. ಅದು ಕೊಟ್ಟ ಸಣ್ಣ ಮೊತ್ತದಿಂದಲೇ ಸೇಮರ್ ಹರ್ಷ್ ವಿಯೆಟ್ನಾಮಿನ ಮೈ ಲಾಯ್ ಹತ್ಯಾಕಾಂಡದ ಬೆನ್ನು ಹತ್ತಿದರು. ನಮ್ಮಲ್ಲಿ ಪಿ. ಸಾಯಿನಾಥ್ 1993ರಲ್ಲಿ ಒಂದು ಪತ್ರಿಕಾ ಫೆಲೋಶಿಪ್ ಪಡೆದು ದೇಶದ ಕಡುಬಡ ಜಿಲ್ಲೆಗಳನ್ನು ಸುತ್ತಿದರು. ಅದರಿಂದ ಬಂದ ಪುಸ್ತಕವನ್ನು ಜಿ.ಎನ್. ಮೋಹನ್ ಕನ್ನಡಕ್ಕೆ ತಂದಿದ್ದಾರೆ. ಆಮೇಲೆ ಫೆಲೋಶಿಪ್‌ಗಳು ಹಲವಾರು ಬಂದವು, ಹೆಚ್ಚಿನವು ಇಂಗ್ಲಿಷಿನಲ್ಲಿ ಅರ್ಜಿ ಬರೆಯಬಲ್ಲವರ ಪಾಲಾದವು. ನಮ್ಮ ಮಾಧ್ಯಮ ಅಕಾಡೆಮಿ ಪರಿಶಿಷ್ಟ ಜಾತಿ, ಪಂಗಡದ ಪತ್ರಕರ್ತರಿಗೆ ಕೊಡುವ ಫೆಲೋಶಿಪ್ ಒಳ್ಳೆಯದೇ, ಆದರೆ ಸರ್ಕಾರದ ಕಡತವನ್ನೇ ಕೆದಕುವ ಕೆಲಸಕ್ಕೆ ಸರ್ಕಾರದ ಹಣವನ್ನು ಎಷ್ಟರ ಮಟ್ಟಿಗೆ ನಂಬಬಹುದು?

2015ರಲ್ಲಿ ಬೆಂಗಳೂರಿನಲ್ಲಿ ‘ಇಂಡಿಪೆಂಡೆಂಟ್ ಅಂಡ್ ಪಬ್ಲಿಕ್ ಸ್ಪಿರಿಟೆಡ್ ಮೀಡಿಯಾ ಫೌಂಡೇಷನ್’ ಹುಟ್ಟಿದಾಗ ಹೊಸ ಯುಗವೇ ಬಂದಂತಾಯಿತು. ಅಜೀಂ ಪ್ರೇಮ್‌ಜಿ, ರೋಹಿಣಿ ನಿಲೇಕಣಿಯಂಥವರು ಹಣ ಕೊಟ್ಟರು, ಹಲವು ಭಾಷೆಗಳ ಜಾಲತಾಣಗಳಿಗೆ ನೆರವು ಸಿಕ್ಕಿತು. 2022ರ ಸೆಪ್ಟೆಂಬರ್ 7ರಂದು ಆದಾಯ ತೆರಿಗೆ ಅಧಿಕಾರಿಗಳು ಅದರ ಕಚೇರಿಗೆ ಪರಿಶೀಲನೆಗೆ ಬಂದರು. ಇಂಥದಾದ ಮೇಲೆ ಬೇರೆ ಶ್ರೀಮಂತರು ಆಸ್ಪತ್ರೆ, ಶಾಲೆಗೆ ಕೊಟ್ಟು ನೆಮ್ಮದಿಯಾಗಿರೋಣ ಎಂದುಕೊಂಡರೆ ಅವರನ್ನು ದೂರಲಾರೆ.

ವಿದೇಶದ ಹಣದ ಬಾಗಿಲಂತೂ ಮುಚ್ಚಿದಂತೆಯೇ. ವಿದೇಶಿ ವಂತಿಗೆ ಕಾಯ್ದೆ ನೋಂದಾಯಿತ ಪತ್ರಿಕೆಯ ಸಂಪಾದಕರು, ವರದಿಗಾರರು, ಅಂಕಣಕಾರರು, ವ್ಯಂಗ್ಯಚಿತ್ರಕಾರರಿಗೆಲ್ಲ ಅದನ್ನು ನಿಷೇಧಿಸುತ್ತದೆ. 2020ರ ತಿದ್ದುಪಡಿಯ ಮೇಲೆ ಒಂದು ಸಂಸ್ಥೆ ಪಡೆದದ್ದನ್ನು ಇನ್ನೊಂದಕ್ಕೆ ದಾಟಿಸುವಂತೆಯೂ ಇಲ್ಲ.

ಪತ್ರಕರ್ತ ಜಿ. ಮಹಾಂತೇಶ್ ಅವರ ‘ದಿ ಫೈಲ್’ ಕನ್ನಡದಲ್ಲಿ ವಿಧಾನಸೌಧದ ಕಡತಗಳನ್ನು, ಅಧಿಕಾರಿಗಳ ಟಿಪ್ಪಣಿಗಳನ್ನು ಇಟ್ಟುಕೊಂಡೇ ವರದಿ ಮಾಡುವ ಜಾಲತಾಣ. ಅದು ಲಾಭರಹಿತ ಸಂಸ್ಥೆಯ ಸ್ಥಾನ ಕಳೆದುಕೊಂಡ ಸುಮಾರಿಗೇ, 2025ರ ಜನವರಿಯಲ್ಲಿ, ದೆಹಲಿಯ ‘ರಿಪೋರ್ಟರ್ಸ್ ಕಲೆಕ್ಟಿವ್’ ಕೂಡ ಕಳೆದುಕೊಂಡಿತು. ನಮ್ಮ ಪತ್ರಿಕಾವೃತ್ತಿ ಸಾರ್ವಜನಿಕ ಉದ್ದೇಶದ್ದಲ್ಲ ಎನ್ನುವುದೇ ಇಲಾಖೆ ಕೊಟ್ಟ ಕಾರಣ ಎಂದು ಕಲೆಕ್ಟಿವ್ ತಿಳಿಸಿತು. ಲೋಕಶಿಕ್ಷಣ ಟ್ರಸ್ಟ್ ಸೋತ ವಾದವನ್ನು ಐವತ್ತು ವರ್ಷದ ಮೇಲೆ ಮತ್ತೆ ಮೊದಲಿನಿಂದ ಮಾಡಬೇಕಾಗಿದೆ. ಆ ಕಾನೂನು ಹೋರಾಟವನ್ನು ಈ ಸಣ್ಣ ಸಂಸ್ಥೆಗಳ ಹೆಗಲಿಗೇ ಬಿಟ್ಟು ದೊಡ್ಡ ಪತ್ರಿಕೆಗಳು ಸುಮ್ಮನಿರುವುದು ಸರಿಯಲ್ಲ.

ಅಲ್ಲಿಯವರೆಗೆ ಕಡೇಚೂರಿನಂಥ ಊರಿಗೆ ಬೇಕಿರುವುದು ಕೋಟಿಗಳ ಪ್ರತಿಷ್ಠಾನವಲ್ಲ. ಕಲಬುರಗಿಯಲ್ಲಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗವಿದೆ, ಜಿಲ್ಲೆ ಜಿಲ್ಲೆಯಲ್ಲಿ ಪತ್ರಕರ್ತರ ಸಂಘಗಳಿವೆ. ಇವು ಸೇರಿ ಪ್ರಯೋಗಾಲಯದ ಶುಲ್ಕ, ಓಡಾಟ, ಮಾಹಿತಿ ಹಕ್ಕಿನ ಖರ್ಚು, ವಕೀಲರ ಸಲಹೆ ಇಷ್ಟಕ್ಕೇ ಮೀಸಲಾದ ಸಣ್ಣ ನಿಧಿಯೊಂದನ್ನು ನಡೆಸಬಹುದು. ಅರ್ಜಿ ಕನ್ನಡದಲ್ಲಿ ಒಂದು ಪುಟವಿದ್ದರೆ ಸಾಕು, ಅರೆಕಾಲಿಕ ವರದಿಗಾರರಿಗೇ ಮೊದಲ ಆದ್ಯತೆ ಸಿಗಬೇಕು. ಕೈಗಾರಿಕಾ ಪ್ರದೇಶದ ಯಾವ ಕಂಪನಿಯ ಕಾಸೂ ಅದಕ್ಕೆ ಸೇರಬಾರದು. ಕೊಟ್ಟವರ ಹೆಸರು, ಮೊತ್ತ ಎಲ್ಲರಿಗೂ ಕಾಣುವಂತಿರಬೇಕು. ನೀರಿನ ವರದಿ ಬಂದಾಗ ಅದರ ಒಂದು ಪ್ರತಿ ಪತ್ರಿಕೆಯಲ್ಲಿ ಅಚ್ಚಾಗುವ ದಿನವೇ ಆ ಊರಿನ ಪಂಚಾಯ್ತಿಗೆ, ಇನ್ನೊಂದು ಅಲ್ಲಿನ ಸರ್ಕಾರಿ ವೈದ್ಯರಿಗೆ ಹೋಗಬೇಕು.